ಅಕ್ಕೋರ ಮಾಳಿಗೆಯ ಕಬ್ಬಿಣ

ಹೋದ ವಾರ ದೇವದುರ್ಗದಿಂದ ರಾಯಚೂರಿಗೆ ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮೇಲಿನ ಸರಳು ಹಿಡಿದು ಒಂದೂವರೆ ತಾಸು ನಿಂತೇ ಬಂದೆ. ಇಳಿದ ಮೇಲೆ ಬೆವರು ಒರೆಸಿಕೊಳ್ಳಲು ಕೈ ಎತ್ತಿದರೆ ಅಂಗೈಯಿಂದ ಒಂದು ವಾಸನೆ ಬಂತು. ಬೆವರು ಹತ್ತಿದ ಕಬ್ಬಿಣದ ವಾಸನೆ. ನಿಲ್ದಾಣದ ಗದ್ದಲದಲ್ಲಿ, ಆಟೋದವರು ಕೂಗುತ್ತಿದ್ದ ಹಾಗೆಯೇ, ನನಗೆ ಪಕ್ಕದ ಮನೆಯ ಅಕ್ಕೋರು ನೆನಪಾದರು.

ಅವರು ಮಾನ್ವಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪೀಟಿ ಕಲಿಸಿ ನಿವೃತ್ತರಾದವರು. ಓಣಿಯಲ್ಲಿ ಎಲ್ಲರಿಗೂ ಅಕ್ಕೋರೇ. ತವರು ಚೀಕಲಪರ್ವಿ. ಯಜಮಾನರು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಟೆಕ್ನಿಶಿಯನ್ ಆಗಿದ್ದರಂತೆ. ನಾವು ಆ ಓಣಿಗೆ ಬರುವ ಹೊತ್ತಿಗೆ ತೀರಿಕೊಂಡಿದ್ದರು. ಅವರು ಹೆಂಡತಿಗಾಗಿ ಮಾಡಿಸಿಕೊಟ್ಟ ಒಂದು ಉದ್ದನೆಯ ಸರಳು ಮತ್ತು ಅದರ ತುದಿಗಳಿಗೆ ಸಿಕ್ಕಿಸುವ ದುಂಡನೆಯ ದಪ್ಪ ತಗಡುಗಳು ಮಾಳಿಗೆಯ ಮೇಲೆ, ಶೀಟಿನ ನೆರಳಿನಡಿ ಇದ್ದವು. ಐದು, ಹತ್ತು ಎಂದು ಬಿಳಿ ಬಣ್ಣದಲ್ಲಿ ಬರೆದಿದ್ದರೂ ತೂಕ ಅಷ್ಟು ಕರಾರುವಾಕ್ಕಾಗಿರಲಿಲ್ಲ. ಒಂದು ಹತ್ತರ ತಗಡು ಅರ್ಧ ಕೆಜಿ ಹೆಚ್ಚೇ ತೂಗುತ್ತಿತ್ತು. ಅದಕ್ಕೆ ಅಕ್ಕೋರು ಇನ್ನೊಂದು ತುದಿಗೆ ಹೊಳೆಯ ಮರಳು ತುಂಬಿದ ಸಣ್ಣ ಚೀಲ ಕಟ್ಟುತ್ತಿದ್ದರು.

ಆಗ ನನಗೆ ಮೂವತ್ತೆಂಟು. ದೇವದುರ್ಗದ ಕಾಲೇಜಿನಲ್ಲಿ ಪಾಠ, ದಿನಾ ಬಸ್ಸು, ಮನೆಗೆ ಬಂದರೆ ಅಡುಗೆ. ಎರಡನೇ ಹೆರಿಗೆಯ ಮೇಲೆ ಏರಿದ ಮೈ ಇಳಿದಿರಲಿಲ್ಲ. ಡಾಕ್ಟರು ಸಕ್ಕರೆ ಅಂಚಿನಲ್ಲಿದೆ, ತೂಕ ಇಳಿಸಿ ಎಂದಿದ್ದರು. ಎರಡು ತಿಂಗಳು ಕೋಟೆಯ ಕಡೆ ನಡೆದೆ. ಮೊಣಕಾಲು ನೋವು ಬಂತು, ತೂಕ ಹೋಗಲಿಲ್ಲ. ಒಂದು ದಿನ ನೀರಿನ ಕ್ಯಾನು ಹಿಡಿದು ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಟ್ಟೆ. ಅಕ್ಕೋರು ಗೋಡೆಯಾಚೆಯಿಂದ ನೋಡಿದರು.

“ನಾಳಿ ಮುಂಜಾನಿ ಐದೂವರಿಗೆ ಮಾಳಿಗಿಗೆ ಬಾ. ಚೂಡಿದಾರ ಹಾಕ್ಕೊಂಡು ಬಾ, ಸೀರಿ ಬ್ಯಾಡ.”

ಹೋದೆ. ಮೊದಲ ವಾರ ಕಬ್ಬಿಣ ಮುಟ್ಟಲು ಬಿಡಲಿಲ್ಲ. ಒಂದು ಸ್ಟೂಲಿನ ಮೇಲೆ ಕೂರು, ಏಳು. ಕೂರು, ಏಳು. ಆಮೇಲೆ ಬರೀ ಸರಳು. ಬೆನ್ನು ನೆಟ್ಟಗೆ, ಹಿಮ್ಮಡಿ ನೆಲಕ್ಕೆ, ಉಸಿರು ಹೊಟ್ಟೆಗೆ. ವಾರಕ್ಕೆ ಮೂರೇ ದಿನ. ಉಳಿದ ದಿನ ಬಂದರೆ ಕೆಳಗಿನಿಂದಲೇ ವಾಪಸ್ ಕಳಿಸುತ್ತಿದ್ದರು. “ಎತ್ತಿದಾಗ ಮೈ ಬೆಳ್ಯಂಗಿಲ್ಲ, ಮಲಗಿದಾಗ ಬೆಳೀತದ. ಹೋಗಿ ಮಲ್ಕೋ” ಎನ್ನುತ್ತಿದ್ದರು. ಊಟವನ್ನೂ ಅವರೇ ಹೇಳಿದರು: ರೊಟ್ಟಿ ಒಂದು ಕಡಿಮೆ, ಹೆಸರುಕಾಳು ಎರಡು ಸೌಟು ಹೆಚ್ಚು, ಮೊಸರು, ನೆನೆಸಿದ ಕಡಲೆ. ನಮ್ಮತ್ತೆಗೆ ಇದೆಲ್ಲ ಸೇರುತ್ತಿರಲಿಲ್ಲ. ಬೆಳಗಿನ ವಿಭೂತಿ ಹಚ್ಚಿಕೊಳ್ಳುತ್ತ, ನನಗೆ ಕೇಳುವಂತೆಯೇ ಗೊಣಗುತ್ತಿದ್ದರು: “ಕಬ್ಬಿಣ ಎತ್ತಿ ಗಂಡಸಾಗಾಕ ಹೊಂಟಾಳ.”

ಗಂಡಸೂ ಆಗಲಿಲ್ಲ, ತೆಳ್ಳಗೂ ಆಗಲಿಲ್ಲ. ಅದೇ ನನ್ನ ಸಂಕಟ. ಮೂರು ತಿಂಗಳು ಬೆವರು ಸುರಿಸಿದ ಮೇಲೆ ಮನೆಯ ತೂಕದ ಯಂತ್ರ ತೋರಿಸಿದ್ದು ಎಪ್ಪತ್ತೊಂಬತ್ತು. ಶುರು ಮಾಡಿದಾಗ ಎಂಬತ್ತು! ಅಕ್ಕೋರಿಗೆ ಹೇಳಿದರೆ, “ಕಾಟಾ ನೋಡಬ್ಯಾಡ ಅಂದಿದ್ನಿಲ್ಲ? ನಿನ್ನ ಚೂಡಿದಾರ ನೋಡ್ಕೋ, ನಡು ಸಡಿಲಾಗ್ಯಾದ. ನೀರಿನ ಕ್ಯಾನು ಹಿಡ್ದು ಮೆಟ್ಲಾ ಹತ್ತಿದ್ರ ಏನಾಗ್ತದ ಈಗ?” ಎಂದರು. ಏನೂ ಆಗುತ್ತಿರಲಿಲ್ಲ, ನಿಜ. ಆದರೆ ನನಗೆ ಬೇಕಾಗಿದ್ದು ಅದಲ್ಲ. ನನಗೆ ಬೇಕಾಗಿದ್ದು ಯಾರಾದರೂ ನನ್ನನ್ನು ಕಂಡು ಬೆರಗಾಗುವುದು.

ಅದೇ ತಿಂಗಳು ತವರೂರು ಬಾಗಲವಾಡದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಚಪ್ಪರದಡಿ ನಮ್ಮಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹತ್ತು ಜನರ ನಡುವೆ, “ಏನೋ ಕಸರತ್ತು ಮಾಡಾಕತ್ತಿ ಅಂದ್ರಲ್ಲಬೇ, ಇನ್ನೂ ಹಂಗೇ ಅದೀಯಲ್ಲ!” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ವಾಪಸ್ ಬರುವಾಗ ಕಾರಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತುಬಿಟ್ಟೆ.

ಮರುವಾರವೇ ಊರಿನಲ್ಲಿ ಹೊಸದಾಗಿ ತೆರೆದಿದ್ದ ದೊಡ್ಡ ಜಿಮ್ಮಿಗೆ ಸೇರಿಕೊಂಡೆ. ಅಕ್ಕೋರಿಗೆ ಹೇಳಲಿಲ್ಲ. ಕಾಲೇಜಿನಲ್ಲಿ ಬೆಳಗಿನ ತರಗತಿ ಹಾಕಿದ್ದಾರೆ ಎಂದು ಸುಳ್ಳು ಹೇಳಿದೆ. ಅಲ್ಲಿ ತಂಪು ಗಾಳಿ, ಗೋಡೆ ತುಂಬ ಕನ್ನಡಿ. ಭಾರದ ಸುದ್ದಿ ಕಡಿಮೆ, ಓಡುವ ಯಂತ್ರದ ಮೇಲೆ ಒಂದು ತಾಸು. ಊಟಕ್ಕೆ ಅವರು ಕೊಟ್ಟ ಪಟ್ಟಿಯಲ್ಲಿ ಬೆಳಿಗ್ಗೆ ಒಂದು ಪುಡಿ ಕಲಸಿದ ನೀರು, ಮಧ್ಯಾಹ್ನ ಅರ್ಧ ರೊಟ್ಟಿ, ಸಂಜೆ ಸೌತೆಕಾಯಿ. ನಾನು ಆ ಅರ್ಧ ರೊಟ್ಟಿಯನ್ನೂ ಎಷ್ಟೋ ದಿನ ಬಿಟ್ಟೆ. ತೂಕ ಇಳಿಯಿತು. ಎರಡೂವರೆ ತಿಂಗಳಲ್ಲಿ ಹತ್ತು ಕೆಜಿ! ಸ್ಟಾಫ್ ರೂಮಿನಲ್ಲಿ ಎಲ್ಲರೂ ಗುಟ್ಟೇನು ಎಂದು ಕೇಳಿದರು. ಅಕ್ಕ ಫೋಟೊ ನೋಡಿ ಫೋನು ಮಾಡಿದಳು. ಕೂದಲು ಉದುರುತ್ತಿದ್ದುದು, ಪಾಠದ ನಡುವೆ ಮೇಜು ಹಿಡಿದು ನಿಲ್ಲುತ್ತಿದ್ದುದು ಯಾರಿಗೂ ಕಾಣುತ್ತಿರಲಿಲ್ಲ...

ಅಕ್ಕೋರಿಗೆ ಕಂಡಿತು. ಒಂದು ಸಂಜೆ ಗೇಟಿನ ಹತ್ತಿರ ತಡೆದು, “ಕೈ ಕೊಡು” ಎಂದರು. ಕೊಟ್ಟೆ. “ಹಿಚುಕು. ಜೋರಾಗಿ.” ನನ್ನಿಂದಾದಷ್ಟು ಹಿಚುಕಿದೆ. ಅವರು ಕೈ ಬಿಡಿಸಿಕೊಂಡರು.

“ಕೊಬ್ಬಿನ ಕೂಡ ಮಾಂಸಾನೂ ಕೊಟ್ಟು ಬಂದೀಯಲ್ಲವ್ವಾ.”

ಬೈದಿದ್ದರೆ ಸಹಿಸುತ್ತಿದ್ದೆನೇನೋ. ಅವರ ದನಿಯಲ್ಲಿ ಇದ್ದದ್ದು ಮರುಕ. ನನಗೆ ಉರಿದುಹೋಯಿತು. “ನಿಮ್ಮ ಮಾತು ಕೇಳಿದ್ರ ಸಾಯೋತನಕ ಎಂಬತ್ತರಾಗ ಇರ್ತಿದ್ದೆ ನಾ” ಎಂದುಬಿಟ್ಟೆ. ಅವರು ಒಳಗೆ ಹೋದರು. ಆಮೇಲೆ ಒಂದು ತಿಂಗಳು ನಮ್ಮಲ್ಲಿ ಮಾತಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಅವರ ಮಾಳಿಗೆಯಿಂದ ಕಬ್ಬಿಣ ನೆಲಕ್ಕೆ ತಾಕುವ ಸದ್ದು ಬಂದಾಗ ನಾನು ಮುಸುಕು ಎಳೆದುಕೊಳ್ಳುತ್ತಿದ್ದೆ.

ಒಂದು ಭಾನುವಾರ ನಮ್ಮ ಯಜಮಾನರು ಮಕ್ಕಳನ್ನು ಕರೆದುಕೊಂಡು ಮಾನ್ವಿಗೆ ಹೋಗಿದ್ದರು. ಅತ್ತೆ ಸ್ನಾನಕ್ಕೆ ಹೋದವರು ಬಚ್ಚಲಲ್ಲಿ ಜಾರಿ ಬಿದ್ದರು. ದೊಡ್ಡ ಮೈ ಅವರದು. ಗೋಡೆಗೂ ನೀರಿನ ಡ್ರಮ್ಮಿಗೂ ನಡುವೆ ಸಿಕ್ಕಿಕೊಂಡು, ಒದ್ದೆ ಸೀರೆಯಲ್ಲಿ, “ಎತ್ತಬೇ, ಎತ್ತು” ಎಂದು ಅಳುತ್ತಿದ್ದರು. ನಾನು ಕಂಕುಳಿಗೆ ಕೈ ಹಾಕಿ ಎಳೆದೆ. ಒಂದು ಗೇಣು ಎದ್ದರು, ಮತ್ತೆ ಕುಸಿದರು. ಎರಡನೇ ಸಲ ಎಳೆದಾಗ ನನಗೇ ಕಣ್ಣು ಕತ್ತಲಿಟ್ಟು, ಬಾಗಿಲು ಹಿಡಿದು ಕೂತೆ. ನಾಲ್ಕು ತಿಂಗಳ ಹಿಂದೆ ನಲವತ್ತು ಕೆಜಿ ಸರಳನ್ನು ನೆಲದಿಂದ ಎತ್ತುತ್ತಿದ್ದವಳು ನಾನು. ಅತ್ತೆ ನನ್ನ ಮುಖ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

ಗೋಡೆಯ ಬಳಿ ಓಡಿ, ನಾಚಿಕೆ ಬಿಟ್ಟು ಕೂಗಿದೆ. ಅಕ್ಕೋರು ಚಪ್ಪಲಿ ಸಹ ಹಾಕಿಕೊಳ್ಳದೆ ಬಂದರು. ಅರವತ್ನಾಲ್ಕು ವಯಸ್ಸು. ಮೊದಲು ಅತ್ತೆಯ ಕಾಲು, ಸೊಂಟ ಮುಟ್ಟಿ ನೋಡಿದರು. ಮುರಿದಿಲ್ಲ ಎಂದು ಖಾತ್ರಿಯಾದ ಮೇಲೆ ಡ್ರಮ್ಮನ್ನು ಪಕ್ಕಕ್ಕೆ ಸರಿಸಿ, ಎದುರು ಕುಕ್ಕರಗಾಲಲ್ಲಿ ಕೂತರು.

“ಯವ್ವಾ, ನನ್ನ ಕೊಳ್ಳಾಗ ಕೈ ಹಾಕ್ರಿ. ಹೆದರಬ್ಯಾಡ್ರಿ, ನಾ ಬಿಡಂಗಿಲ್ಲ.”

ಹಿಮ್ಮಡಿ ನೆಲಕ್ಕೆ, ಬೆನ್ನು ನೆಟ್ಟಗೆ, ಉಸಿರು ಹೊಟ್ಟೆಗೆ. ನನಗೆ ಕಲಿಸಿದ ಹಾಗೆಯೇ ಎದ್ದರು. ಅತ್ತೆಯೂ ಎದ್ದರು. ಮಂಚದ ತನಕ ನಡೆಸಿಕೊಂಡು ಹೋಗಿ ಕೂರಿಸಿ, ನನ್ನ ಕಡೆ ತಿರುಗಿ, “ಚಾ ಮಾಡಿ ಕೊಡು ಅವರಿಗೆ” ಎಂದಷ್ಟೇ ಹೇಳಿ ಮನೆಗೆ ಹೋದರು. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು. ನಾನು ಅದನ್ನು ನೋಡಿದೆ, ಆದರೆ ಗಮನಿಸಲಿಲ್ಲ.

ಮರುದಿನವೇ ಜಿಮ್ಮು ಬಿಟ್ಟೆ. ಹೆಸರುಕಾಳು ನೆನೆಹಾಕಿದೆ. ಐದೂವರೆಗೆ ಮಾಳಿಗೆ ಹತ್ತಿದಾಗ ಅಕ್ಕೋರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. “ಬಾ” ಎಂದರು, ನಿನ್ನೆಯಷ್ಟೇ ಬಿಟ್ಟು ಹೋದವಳನ್ನು ಕರೆದಂತೆ. ಮತ್ತೆ ಸ್ಟೂಲು, ಮತ್ತೆ ಬರೀ ಸರಳು. ತಿಂಗಳು ಕಳೆಯಿತು. ಅವರು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ತಗಡುಗಳನ್ನು ನಾನೇ ಹಾಕಬೇಕು, ಮರಳಿನ ಚೀಲವನ್ನೂ ನಾನೇ ಕಟ್ಟಬೇಕು. ಒಂದು ದಿನ ತಂಬಿಗೆಯಿಂದ ಎಡಗೈಯಲ್ಲಿ ನೀರು ಹಾಕಿಕೊಳ್ಳುವುದನ್ನು ಕಂಡು ಕೇಳಿದೆ.

“ಭುಜಕ್ಕ ಏನಾಗ್ಯಾದ್ರಿ?”

“ವಯಸ್ಸಾಗ್ಯಾದ. ನಿನ್ನ ಮೊಣಕಾಲ್ ಒಳಗ ಬೀಳಾಕತ್ತಾವ, ನೋಡ್ಕೋ ಮೊದ್ಲ.”

ಆ ಸಂಜೆ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುವಾಗ ಈ ವಿಷಯ ಬಂತು. ಅತ್ತೆ ಕಾಲು ಎಳೆದುಕೊಂಡರು. ಆಮೇಲೆ, “ನನ್ನ ಎತ್ತುವಾಗ ಅಕಿ ಭುಜ ಟಕ್ ಅಂತು. ನನ್ನ ಕಿವಿ ಅಲ್ಲೇ ಇತ್ತು, ಕೇಳಿಸ್ತು. ಸೊಸಿಗೆ ಹೇಳಬ್ಯಾಡ್ರಿ ಅಂತ ಕಿವ್ಯಾಗ ಅಂದ್ಲು” ಎಂದರು.

ನಾನು ಆಚೆ ಮನೆಗೆ ಹೋಗಿ ಜಗಳವನ್ನೇ ಆಡಿದೆ. ಯಾಕೆ ಹೇಳಲಿಲ್ಲ, ಆಗಲೇ ಡಾಕ್ಟರಿಗೆ ತೋರಿಸಿದ್ದರೆ ಸರಿಹೋಗುತ್ತಿತ್ತಲ್ಲ ಎಂದು ಕೂಗಾಡಿದೆ. ಅವರು ಶೇಂಗಾ ಸುಲಿಯುತ್ತಿದ್ದರು. “ಹೇಳಿದ್ರ ನೀ ಮತ್ತ ಮಾಳಿಗಿ ಹತ್ತುತಿದ್ದಿಲ್ಲ” ಎಂದರು. ನಿಜ. ಮುಖ ತೋರಿಸಲಾಗದೆ ಓಡಿಹೋಗುತ್ತಿದ್ದೆ. ಆಮೇಲೆ ಡಾಕ್ಟರಿಗೂ ತೋರಿಸಿದೆವು; ತಡವಾಗಿತ್ತು. ಆ ಕೈ ಮತ್ತೆ ತಲೆಯ ಮೇಲಕ್ಕೆ ಹೋಗಲಿಲ್ಲ. ಮೂವತ್ತು ವರ್ಷ ಕಬ್ಬಿಣ ಎತ್ತಿದವರು ಜಡೆ ಹಾಕಿಕೊಳ್ಳಲು ಹಿಂದಿನ ಮನೆಯ ಹುಡುಗಿಯನ್ನು ಕರೆಯಬೇಕಾಯಿತು.

ಇನ್ನೂ ಎರಡು ವರ್ಷ ಕಲಿಸಿದರು. ನಾನು ಅರವತ್ತು ಕೆಜಿ ಎತ್ತಿದ ದಿನ, “ನಾಳಿ ಬರಬ್ಯಾಡ, ಮಲ್ಕೋ” ಎಂದರು. ಅವರ ಬಾಯಲ್ಲಿ ಹೊಗಳಿಕೆ ಎಂದರೆ ಅಷ್ಟೇ. ನಡು ಐದು ಇಂಚು ಇಳಿದಿತ್ತು, ಸಕ್ಕರೆ ಹತೋಟಿಗೆ ಬಂದಿತ್ತು. ತೂಕ ಎಪ್ಪತ್ತೈದು.

ಅವರು ಹೋದದ್ದು ಒಂದು ಬೇಸಿಗೆಯಲ್ಲಿ, ನಾನು ಪರೀಕ್ಷೆಯ ಕೆಲಸಕ್ಕೆಂದು ಮೂರು ವಾರ ಮಾನ್ವಿಯಲ್ಲಿ ಇದ್ದಾಗ. ಕಾಮಾಲೆಯಾಗಿತ್ತಂತೆ; ಹೈದರಾಬಾದಿನ ಮಗಳು ಬಂದು ಕರೆದುಕೊಂಡು ಹೋಗಿದ್ದಳು, ಅಲ್ಲೇ ಮುಗಿಯಿತು. ಪರೀಕ್ಷೆ ನಡೆಯುವಾಗ ಹೇಳಿ ಏನು ಮಾಡುವುದು ಎಂದು ಮನೆಯಲ್ಲಿ ಸುಮ್ಮನಿದ್ದರು. ಎಲ್ಲರೂ ನನಗೆ ಹೇಳದೆ ಮುಚ್ಚಿಡುವುದೇ ಆಯಿತು! ನಾನು ಮರಳುವಷ್ಟರಲ್ಲಿ ಮಗಳು ಮನೆ ಖಾಲಿ ಮಾಡಿದ್ದಳು. ಮಾಳಿಗೆಯ ಕಬ್ಬಿಣ ಗುಜರಿಯವನ ಗಾಡಿ ಹತ್ತಿತ್ತು. ಅವಳದೇನು ತಪ್ಪು, ಅವಳಿಗೆ ಅದು ತುಕ್ಕು ಹಿಡಿದ ತಗಡು. ಗುಜರಿ ಅಂಗಡಿಗೆ ಹೋಗಿ ಹುಡುಕಿದೆ. ಅಂಗಡಿಯ ಸಾಬರು ನನ್ನ ಜೊತೆ ರಾಶಿಯನ್ನೆಲ್ಲ ಸರಿಸಿ ನೋಡಿ, “ನಿನ್ನೇನೇ ಲಾರಿ ಹೋತ್ರಿ ಮೇಡಂ, ಒಂದ್ ದಿನ ಮೊದ್ಲ ಬರಬೇಕಿತ್ರಿ” ಎಂದು ಪೇಚಾಡಿದರು. ಒಂದು ದಿನ...

ಈಗ ನಮ್ಮ ಮಾಳಿಗೆಯ ಮೇಲೆ ಅಂಗಡಿಯಿಂದ ತಂದ ತಗಡುಗಳಿವೆ. ಮೂವರು ಹೆಂಗಸರು ಬರುತ್ತಾರೆ. ಬರುತ್ತಿದ್ದರು, ಈಗ ಇಬ್ಬರೇ. ಮೂರನೆಯವಳು ನಮ್ಮ ಕಾಲೇಜಿನಲ್ಲೇ ಪಾಠ ಮಾಡುವವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಏಳು ವಾರದ ಮೇಲೆ ಒಂದು ಬೆಳಿಗ್ಗೆ, “ಮೇಡಂ, ಕಾಟಾ ಅಲ್ಲಾಡವಲ್ದು. ಸುಮ್ನ ಎತ್ತಾಕತ್ತೀನೇನೋ ಅನಸ್ತದ” ಎಂದಳು. ಅವಳು ಹೇಳಿದ್ದು ಇಷ್ಟೇ. ನನಗೆ ಎಲ್ಲಿತ್ತೋ ಸಿಟ್ಟು. “ಹಂಗಾರ ಪುಡಿ ಕುಡಿ ಹೋಗು, ಇಲ್ಲಿ ಯಾಕ ಬಂದಿ?” ಎಂದುಬಿಟ್ಟೆ. ಅವಳು ಹಿಡಿದಿದ್ದ ಸರಳನ್ನು ಸದ್ದಾಗದಂತೆ ಕೆಳಗಿಟ್ಟು ಹೋದಳು. ಮತ್ತೆ ಬಂದಿಲ್ಲ. ಸ್ಟಾಫ್ ರೂಮಿನಲ್ಲಿ ನನ್ನ ಎದುರಿನ ಕುರ್ಚಿ ಬಿಟ್ಟು ಕಿಟಕಿಯ ಕಡೆ ಕೂರುತ್ತಾಳೆ.

ಭಾರ ಎತ್ತುವುದನ್ನು ಅಕ್ಕೋರಿಂದ ಕಲಿತೆ. ಸುಮ್ಮನಿರುವುದನ್ನು ಕಲಿಯಲಿಲ್ಲ. ಸುಳ್ಳು ಹೇಳಿ ಹೋದವಳನ್ನು, ಗೇಟಿನಲ್ಲಿ ನಿಂತು ಎದುರು ಮಾತಾಡಿದವಳನ್ನು ಒಂದು ಪದ ಬೈಯದೆ “ಬಾ” ಎಂದು ಕರೆಯಲು ಅವರಿಗೆ ಹೇಗೆ ಸಾಧ್ಯವಾಯಿತು? ಒಳಗೆ ಸಿಟ್ಟೇ ಬರುತ್ತಿರಲಿಲ್ಲವೋ, ಬಂದರೂ ನುಂಗುತ್ತಿದ್ದರೋ... ಅಷ್ಟು ವರ್ಷ ಎದುರೇ ಕೂತಿದ್ದರು, ಕೇಳಬಹುದಿತ್ತು. ಕೇಳಲಿಲ್ಲ.

ನಾಳೆ, ಸರಳು ಕೆಳಗಿಟ್ಟು ಹೋದ ಆ ಹುಡುಗಿಯ ಮನೆಗೆ ಹೋಗಬೇಕೆಂದಿದ್ದೇನೆ. ಬಾಗಿಲು ತೆರೆದರೆ ಮೊದಲು ಏನು ಹೇಳಬೇಕೋ ಇನ್ನೂ ಗೊತ್ತಾಗಿಲ್ಲ.