ಚುಕ್ಕೆಯ ಮೇಲೆ ನಿಲ್ಲದ ಗೆರೆ

“ಈ ಲೋಕದಲ್ಲಿ ಸೊಟ್ಟ ಇಲ್ಲದ್ದು ಎರಡೇ. ಒಂದು ನಿಂತ ನೀರು, ಇನ್ನೊಂದು ನನ್ನ ಕಣ್ಣು. ನಿಂತ ನೀರಿನ ಮೇಲೆ ಮಾತ್ರ ನಂಗೆ ಸ್ವಲ್ಪ ಅನುಮಾನ.”

ಟೈಲ್ಸ್ ಮೇಸ್ತ್ರಿ ರಸಮಟ್ಟ ಈ ಮಾತನ್ನು ಮೂವತ್ತೆಂಟು ವರ್ಷ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದವನು. ಹೆತ್ತವರು ಬೇರೇನೋ ಹೆಸರಿಟ್ಟಿದ್ದರು. ಅದು ಈಗ ಅವನ ಗುರುತಿನ ಚೀಟಿಗೆ ಮಾತ್ರ ಗೊತ್ತು. ರಸಮಟ್ಟವೆಂದರೆ ನೆಲ ಸಮವಾಗಿದೆಯೇ ಎಂದು ನೋಡುವ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ಪಟ್ಟಿ. ಇವನು ಅದನ್ನು ಚೀಲದಲ್ಲಿ ಇಟ್ಟುಕೊಂಡಿದ್ದು ಬಳಸುವುದಕ್ಕಲ್ಲ, ಆಗಾಗ ಅದರ ತಪ್ಪು ತಿದ್ದುವುದಕ್ಕೆ ಎಂದು ಜೊತೆಗಾರರು ಆಡಿಕೊಳ್ಳುತ್ತಿದ್ದರು. ಅವನು ಹಾಸಿದ ನೆಲದ ಮೇಲೆ ಯಾರೋ ಗೋಲಿ ಇಟ್ಟರಂತೆ. ಯಾವ ಕಡೆ ಉರುಳಬೇಕೆಂದು ತಿಳಿಯದೆ ಅದು ಮೂರು ದಿನ ನಿಂತಲ್ಲೇ ನಿಂತು, ನಾಲ್ಕನೆಯ ದಿನ ನಾಚಿಕೆಯಿಂದ ಬಿರುಕು ಬಿಟ್ಟಿತಂತೆ. ನೆಂಟರ ಮನೆಗೆ ಹೋದರೆ ಕ್ಷೇಮಸಮಾಚಾರಕ್ಕೆ ಮೊದಲು ಬಾಗಿಲ ಚೌಕಟ್ಟು ಎಷ್ಟು ವಾಲಿದೆ ಎಂದು ಹೇಳುತ್ತಿದ್ದ. ಕ್ರಮೇಣ ನೆಂಟರು ಕರೆಯುವುದನ್ನು ಬಿಟ್ಟರು.

ಅರವತ್ತೇಳಕ್ಕೆ ಮೂತ್ರ ಕಟ್ಟಿ ಕಟ್ಟಿ ಬರತೊಡಗಿತು. ರಕ್ತ ಪರೀಕ್ಷೆ ಆಯಿತು, ಸೂಜಿ ಹಾಕಿ ಚೂರು ತೆಗೆದದ್ದಾಯಿತು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್; ಇನ್ನೂ ಗ್ರಂಥಿ ಬಿಟ್ಟು ಆಚೆ ಹೋಗಿಲ್ಲ ಎಂದರು. ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮೇಲೆ ಮೂತ್ರಕೋಶ, ಹಿಂದೆ ಗುದನಾಳ, ನಡುವೆ ನಿಂಬೆಹಣ್ಣಿನಷ್ಟು ಗ್ರಂಥಿ.

“ವಾರಕ್ಕೆ ಐದು ದಿನದ ಹಾಗೆ ಇಪ್ಪತ್ತೆಂಟು ದಿನ ಕಿರಣ ಕೊಡ್ತೀವಿ. ಗ್ರಂಥಿಗೆ ಪೂರ್ತಿ ಬೀಳಬೇಕು, ಅಕ್ಕಪಕ್ಕಕ್ಕೆ ಆದಷ್ಟು ಕಮ್ಮಿ. ಜಾಗ ತಪ್ಪಿದ್ರೆ ಇಲ್ಲಿ ರೋಗ ಉಳ್ಕೊಳ್ಳುತ್ತೆ, ಹಿಂದೆ ಗಾಯ ಆಗುತ್ತೆ.”

ಬದುಕುತ್ತೇನೆಯೇ, ಎಷ್ಟು ವರ್ಷ ಎಂದೆಲ್ಲ ರಸಮಟ್ಟ ಕೇಳಲಿಲ್ಲ. “ಗೆರೆ ಹಿಡಿಯೋರು ಯಾರು?” ಎಂದು ಕೇಳಿದ.

ಗುರಿ ಕಾಣಲೆಂದು ಗ್ರಂಥಿಯೊಳಗೆ ಅಕ್ಕಿಕಾಳಿಗಿಂತ ಸಣ್ಣ ಮೂರು ಚಿನ್ನದ ಕಾಳು ಕೂರಿಸಿದರು. ಹೊಕ್ಕುಳ ಕೆಳಗೊಂದು, ಸೊಂಟದ ಎರಡು ಬದಿಗೆ ಒಂದೊಂದು ಹಚ್ಚೆಯ ಚುಕ್ಕೆ ಚುಚ್ಚಿದರು. ಹೆಂಡತಿ ಕಾಯುವ ಬೆಂಚಿನ ಮೇಲೆ ಪಕ್ಕದವಳಿಗೆ ಕೇಳುವಂತೆಯೇ ಹೇಳಿದಳು: “ನಲವತ್ತು ವರ್ಷದಲ್ಲಿ ನಂಗೊಂದು ಉಂಗುರ ಮಾಡಿಸ್ಲಿಲ್ಲ ಈ ಮನುಷ್ಯ. ಈಗ ನೋಡಿ, ಚಿನ್ನ ಎಲ್ಲಿ ಬಚ್ಚಿಟ್ಕೊಂಡಿದಾರೆ!”

ದಿನಾ ಒಂದೇ ಕ್ರಮ. ಬೆಳಗ್ಗೆ ಹೊಟ್ಟೆ ಖಾಲಿ ಮಾಡಿಕೊಂಡು ಬರಬೇಕು, ಮುಕ್ಕಾಲು ಲೀಟರ್ ನೀರು ಕುಡಿದು ನಲವತ್ತು ನಿಮಿಷ ತಡೆದುಕೊಳ್ಳಬೇಕು. ಮೂತ್ರಕೋಶ ತುಂಬಿದ್ದರೆ ಕಿರಣದ ದಾರಿಯಿಂದ ದೂರ ಇರುತ್ತದೆ. ಆಮೇಲೆ ತಣ್ಣನೆಯ ಕೋಣೆ, ಕಿರಿದಾದ ಮೇಜು, ಕಾಲು ಅಲುಗದಂತೆ ಹಿಡಿಯುವ ಅಚ್ಚು. ಗೋಡೆಯಿಂದ ಹೊರಟ ಹಸಿರು ಬೆಳಕಿನ ಗೆರೆಗಳು ಹೊಟ್ಟೆಯ ಮೇಲೆ ಬೀಳುತ್ತಿದ್ದವು. ಯಂತ್ರ ನಡೆಸುವ ಹೆಂಗಸು ಗೆರೆಯನ್ನು ಚುಕ್ಕೆಗೆ ಹೊಂದಿಸಿ, “ಅಲುಗಾಡ್ಬೇಡಿ ಮೇಸ್ತ್ರಿಗಳೇ” ಎಂದು ಹೇಳಿ ದಪ್ಪ ಬಾಗಿಲು ಹಾಕಿಕೊಂಡು ಹೋಗುತ್ತಿದ್ದಳು. ನೋವಿಲ್ಲ, ಬಿಸಿಯಿಲ್ಲ. ಪಕ್ಕದ ಮನೆಯ ಮಿಕ್ಸಿಯಷ್ಟು ಸದ್ದು, ಅಷ್ಟೇ.

ಆದರೆ ಅವಳು ಹೋದ ಮೇಲೆ ಮೇಜು ತಾನಾಗಿ ಒಂದಿಷ್ಟು ಜರುಗುತ್ತಿತ್ತು. ಯಂತ್ರದ ತಲೆಯ ಗಾಜಿನಲ್ಲಿ ಹೊಟ್ಟೆಯ ಬಿಂಬ ಕಾಣುತ್ತಿತ್ತು. ನಾಲ್ಕನೆಯ ದಿನ ರಸಮಟ್ಟನ ಕಣ್ಣಿಗೆ ಬಿತ್ತು: ಗೆರೆ ಚುಕ್ಕೆಯ ಮೇಲಿಲ್ಲ. ನಾಲ್ಕು ಮಿಲ್ಲಿಮೀಟರ್ ಎಡಕ್ಕೆ ಹೋಗಿದೆ.

ಬೇರೆಯವರಾಗಿದ್ದರೆ ಕೂಗುತ್ತಿದ್ದರು, ಇಲ್ಲವೇ ಗಮನಿಸುತ್ತಲೇ ಇರಲಿಲ್ಲ. ಇವನು ಬೇರೆಯವರ ತಪ್ಪನ್ನು ಹೇಳದೆ ತಿದ್ದಿ ರೂಢಿಯಾದ ಮೇಸ್ತ್ರಿ. ಗಡಿಯಾರದ ಗಂಟೆಮುಳ್ಳೂ ಅವಸರದ್ದು ಅನ್ನಿಸುವಷ್ಟು ನಿಧಾನವಾಗಿ ಸೊಂಟ ಸರಿಸಿ ಚುಕ್ಕೆಯನ್ನು ಗೆರೆಯಡಿ ತಂದು ನಿಲ್ಲಿಸಿದ. ಐದನೆಯ ದಿನವೂ ಅದೇ ಮಾಡಿದ. ಆರನೆಯ ದಿನ ಮೂತ್ರ ಕುತ್ತಿಗೆಯವರೆಗೆ ತುಂಬಿದಂತಾಗಿ ನಿಧಾನ ಮಾಡಲು ಪುರುಸೊತ್ತಿರಲಿಲ್ಲ. ಒಂದೇ ಸಲ ಜರುಗಿಬಿಟ್ಟ. ಹೊರಗೆ ಪರದೆ ನೋಡುತ್ತಿದ್ದವಳು ಯಂತ್ರ ನಿಲ್ಲಿಸಿ ಓಡಿ ಬಂದಳು.

“ಯಾಕ್ರೀ ಅಲುಗಾಡಿದ್ರಿ?”

“ಅಲುಗಾಡ್ಲಿಲ್ಲಮ್ಮ, ಸರಿ ಮಾಡ್ಕೊಂಡೆ. ನಿಮ್ಮ ಗೆರೆ ತಪ್ಪಿತ್ತು.”

“ಇದೇ ಮೊದಲ ಸಲಾನಾ?”

“ಮೊನ್ನೆಯಿಂದ ನಾನೇ ನೋಡ್ಕೋತಿದೀನಿ. ನೀವೇನೂ ಬೇಜಾರು ಮಾಡ್ಕೋಬೇಡಿ.”

ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ಬಿಳಿಚಿಕೊಂಡಳು. ಅವನನ್ನು ಮೊದಲು ಶೌಚಕ್ಕೆ ಕಳಿಸಿ, ಆಮೇಲೆ ಡಾಕ್ಟರ ಮುಂದೆ ಕೂರಿಸಿದರು. ಹೆಂಡತಿಯನ್ನೂ ಕರೆದರು. ಡಾಕ್ಟರು ಪರದೆಯ ಮೇಲೆ ಎರಡು ಚಿತ್ರ ಅಕ್ಕಪಕ್ಕ ಇಟ್ಟರು. ಮೂರು ಚಿನ್ನದ ಕಾಳು ಒಂದರಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಸ್ವಲ್ಪ ಬೇರೆ ಕಡೆ.

“ಚುಕ್ಕೆ ಇರೋದು ಚರ್ಮದ ಮೇಲೆ. ಗ್ರಂಥಿ ಇರೋದು ಒಳಗೆ. ಹೊಟ್ಟೇಲಿ ಗಾಳಿ ಸೇರಿದ್ರೆ, ನೀರು ಹೆಚ್ಚುಕಮ್ಮಿ ಆದ್ರೆ ಅದು ಜಾಗ ಬಿಡುತ್ತೆ. ಮೊದಲು ಚುಕ್ಕೆಗೆ ಹೊಂದಿಸ್ತೀವಿ, ಆಮೇಲೆ ಚಿತ್ರ ತೆಗೆದು, ಕಾಳು ನೋಡಿ ಮೇಜು ಸರಿಸ್ತೀವಿ. ನಿಮಗೆ ತಪ್ಪಾಗಿ ಕಂಡಿದ್ದೇ ಸರಿ. ನೀವು ಸರಿ ಮಾಡಿದ್ದೇ ತಪ್ಪು.”

ರಸಮಟ್ಟ ಪರದೆಯ ಮೇಲೆ ಬೆರಳಿಟ್ಟು ಕಾಳುಗಳ ನಡುವಿನ ವ್ಯತ್ಯಾಸ ಅಳೆದ.

“ಅಂದ್ರೆ ಎರಡು ದಿನ ನಾನೇ ಹಾಳು ಮಾಡಿದೆ.”

“ಎರಡು ದಿನವನ್ನ ದೇಹ ತಡ್ಕೊಳ್ಳುತ್ತೆ. ಇಪ್ಪತ್ತೆಂಟು ದಿನ ತಡ್ಕೊಳ್ಳಲ್ಲ. ಇನ್ನೊಂದು ಸಲ ಜರುಗಿದ್ರೆ ಈ ಚಿಕಿತ್ಸೆ ನಿಲ್ಲಿಸಿ ಬೇರೆ ದಾರಿ ನೋಡ್ಬೇಕಾಗುತ್ತೆ. ಆ ದಾರಿ ಇಷ್ಟು ಸುಲಭ ಇಲ್ಲ.”

ಬಸ್ಸಿನಲ್ಲಿ ಹೆಂಡತಿ ಹೇಳಿದಳು: “ಜೀವಮಾನದಲ್ಲಿ ಒಂದ್ಸಲ ಇನ್ನೊಬ್ಬರ ಕೈಕೆಲಸ ನಂಬ್ರೀ.”

“ನಂಬ್ತೀನಿ ಕಣೇ. ಈ ಸೊಂಟ ನಂಬಬೇಕಲ್ಲ.”

“ಸೊಂಟಕ್ಕೆ ನಾನು ಹೇಳ್ತೀನಿ” ಎಂದು ಅಲ್ಲೇ ಚಿವುಟಿದಳು.

ಏಳನೆಯ ದಿನದಿಂದ ಅವನ ಬದುಕಿನ ಅತಿ ಕಷ್ಟದ ಕೆಲಸ ಶುರುವಾಯಿತು: ಸೊಟ್ಟಗಿರುವುದನ್ನು ನೋಡುತ್ತ ಸುಮ್ಮನೆ ಮಲಗುವುದು. ಕಣ್ಣಿಗೆ ಬಟ್ಟೆ ಮುಚ್ಚಲೇ ಎಂದು ಆ ಹೆಂಗಸು ಕೇಳಿದಳು. “ಬೇಡ. ಕಾಣದೇ ಇದ್ರೆ ಸೊಂಟ ತಾನೇ ಹುಡುಕ್ಕೊಂಡು ಹೋಗುತ್ತೆ” ಎಂದ. ಎದೆಯ ಮೇಲೆ ಒಂದು ಕೈ ಇನ್ನೊಂದನ್ನು ಕಳ್ಳನನ್ನು ಹಿಡಿದಂತೆ ಹಿಡಿದುಕೊಂಡಿರುತ್ತಿತ್ತು. ಗೆರೆ ಒಂದು ದಿನ ಮೂರು ಮಿಲ್ಲಿಮೀಟರ್ ಅತ್ತ, ಇನ್ನೊಂದು ದಿನ ಐದು ಇತ್ತ. ಆ ಕೋಣೆಯ ಚಳಿಯಲ್ಲೂ ಅವನು ಸುರಿಸಿದ ಬೆವರಿನಲ್ಲಿ ಒಂದು ಮನೆಯ ಪಾಯಕ್ಕೆ ಸಿಮೆಂಟ್ ಕಲಸಬಹುದಿತ್ತು. ನಾಲ್ಕನೆಯ ವಾರ ಮೂತ್ರಕ್ಕೆ ಹೋದರೆ ಉರಿ, ಮಧ್ಯಾಹ್ನವಾದರೆ ಸುಸ್ತು. ಆದರೂ ಜರುಗಲಿಲ್ಲ, ಒಂದು ಕೂದಲೆಳೆಯಷ್ಟೂ.

ಇಪ್ಪತ್ತೆಂಟನೆಯ ದಿನ ಚಿತ್ರ ತೆಗೆದದ್ದಾಯಿತು. ಮೇಜು ಅಲುಗಲಿಲ್ಲ. ಗಾಜಿನೊಳಗೆ ಗೆರೆ ನೇರವಾಗಿ ಚುಕ್ಕೆಯ ನಡುವೆ ಕೂತಿತ್ತು. ಚಾವಣಿಯ ಸ್ಪೀಕರಿನಿಂದ ಆ ಹೆಂಗಸಿನ ಖುಷಿಯ ದನಿ ಬಂತು:

“ಮೇಸ್ತ್ರಿಗಳೇ, ಇವತ್ತು ಮೇಜು ಸರಿಸೋದೇ ಬೇಕಿಲ್ಲ! ಗೆರೆ ಕರೆಕ್ಟಾಗಿ ನಿಮ್ಮ ಚುಕ್ಕೆ ಮೇಲೇ ಇದೆ. ಈಗ್ಲಾದ್ರೂ ಸಮಾಧಾನ ಆಯ್ತಾ?”

“ಎಲ್ಲಿಯ ಸಮಾಧಾನ ತಾಯಿ!” ಮಲಗಿದಲ್ಲಿಂದಲೇ ರಸಮಟ್ಟ ಕೂಗಿದ. “ಏನೋ ಎಡವಟ್ಟಾಗಿದೆ, ಇನ್ನೊಂದು ಫೋಟೋ ತೆಗೀರಿ!”