ಎಡಬಾಗಿಲು ನನಗೆ, ಬಲಬಾಗಿಲು ಅವನಿಗೆ

ಸಿರುಗುಪ್ಪದ ಅಕ್ಕಿ ಗಿರಣಿ ಸಾವ್ಕಾರರ ಲಾರಿ, ಜೀಪು, ಟ್ರ್ಯಾಕ್ಟರು ಎಲ್ಲ ನನ್ನ ಕೈಯಲ್ಲೇ ಓಡುತ್ತಿದ್ದವು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ತಗಡಿನ ಶೆಡ್ಡು. ಐದನೇ ಕ್ಲಾಸಿಗೆ ಸಾಲಿ ಬಿಟ್ಟವನು ನಾನು. ಆದರೂ ಅವರ ಗಿರಣಿ ಅಂಗಳದಲ್ಲಿ ಯಾವ ಗಾಡಿ ಕೆಮ್ಮಿದರೂ ಬಳ್ಳಾರಿ ಮಿಸ್ತ್ರಿಗೆ ಹೇಳಿ ಕಳಿಸುವುದೇ ರೂಢಿ. ಭತ್ತದ ಸುಗ್ಗಿಯಲ್ಲಿ ಹಚ್ಚೊಳ್ಳಿ ಹಾದಿಯ ಕಾಲುವೆ ಏರಿಯ ಮೇಲೆ, ಕೆಟ್ಟು ನಿಂತ ಲಾರಿಯ ಕೆಳಗೆ ಮಲಗಿ ರೊಟ್ಟಿ ತಿಂದವನು ನಾನು. ಆದ್ದರಿಂದ ಅವರು ಮದರಾಸಿನಿಂದ ಹಳೆಯದೊಂದು ಕೆಂಪು ವಿಲಾಯತಿ ಕಾರು ತಂದರು ಅಂತ ಸುದ್ದಿ ಬಂದಾಗ ನಾನು ಶೆಡ್ಡಿನ ನಡುವಿನ ಜಾಗ ಗುಡಿಸಿ ಖಾಲಿ ಮಾಡಿಟ್ಟೆ.

ಕಾರು ನನ್ನ ಶೆಡ್ಡಿಗೆ ಬರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ರೈಲ್ವೆ ಸ್ಟೇಷನ್ನಿನ ಕಡೆ ಗುಂತಕಲ್ಲಿನವನೊಬ್ಬ ಹೊಸದಾಗಿ ಶೆಡ್ಡು ಹಾಕಿದ್ದ. ಮದರಾಸಿನಲ್ಲಿ ಫಾರಿನ್ ಗಾಡಿಗಳ ಮೇಲೆ ಕೈ ಪಳಗಿಸಿದವನಂತೆ. ನನಗಿಂತ ಚಿಕ್ಕವನು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೆಲಸಕ್ಕೆ ನಿಲ್ಲುತ್ತಿದ್ದ, ಸಂಜೆಯಾದರೂ ಅದರ ಮೇಲೆ ಒಂದು ಹನಿ ಎಣ್ಣೆ ಇರುತ್ತಿರಲಿಲ್ಲ. ಅದು ಹೇಗೆ ಸಾಧ್ಯ ಅನ್ನುವುದು ನನಗೆ ಇಂದಿಗೂ ಗೊತ್ತಾಗಿಲ್ಲ. ಸಾವ್ಕಾರರು ಕಾರನ್ನು ಅವನ ಕಡೆ ಬಿಟ್ಟರು. ನನ್ನನ್ನು ಇಷ್ಟು ವರ್ಷ 'ಲೇ ಮಿಸ್ತ್ರಿ' ಅಂದವರು ಅವನಿಗೆ 'ಬರ್ರಿ ಮೇಸ್ತ್ರಿಗಳ' ಅನ್ನುತ್ತಿದ್ದರು.

ನಾನು ದಿನಾ ಊಟಕ್ಕೆ ಹೋಗುವಾಗ ಸ್ಟೇಷನ್ ರಸ್ತೆ ಸುತ್ತಿ ಹೋಗತೊಡಗಿದೆ. ಕಾರು ಅಲ್ಲಿ ಬೇವಿನ ನೆರಳಿನಲ್ಲಿ ನಿಂತಿರುತ್ತಿತ್ತು. ಎರಡೇ ಸೀಟು, ಮೇಲೆ ಬಟ್ಟೆಯ ಛಾವಣಿ, ನೆಲಕ್ಕೆ ಅಂಟಿಕೊಂಡಂಥ ಮೈ. ಅವನು ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಇಂಜಿನ್ನಿನ ಸದ್ದು ಕೇಳುತ್ತಿದ್ದ. ನಮ್ಮ ಕಡೆ ಹಾಗೆ ಕೂತರೆ ಮಿಸ್ತ್ರಿಗೆ ಮೈಯಲ್ಲಿ ಹುಷಾರಿಲ್ಲ ಅಂದುಕೊಳ್ಳುತ್ತಾರೆ. ನನ್ನ ಹೆಂಡತಿಗೆ ಯಾರೋ ಹೇಳಿದ್ದರು. ತಾಟಿಗೆ ಸಾರು ಬಡಿಸುತ್ತ, "ಮನಿಗೆ ಬರೋ ದಾರಿ ಸ್ಟೇಷನ್ ಮ್ಯಾಲೆ ಯಾವಾಗಿಂದ ಆತು?" ಅಂದಳು. ಸಾಮಾನು ತರಾಕ ಹೋಗಿದ್ದೆ ಅಂದೆ. "ಸಾಮಾನು ಕೆಂಪಗ ಐತೇನು?" ಅಂದು ಒಳಗೆ ಹೋದಳು.

ಆ ಬೇಸಿಗೆಯ ಕೊನೆಗೆ ಸಾವ್ಕಾರರು ಕುರುಗೋಡಿನ ಬೀಗರ ಮನೆಗೆ ಕಾರು ತೆಗೆದುಕೊಂಡು ಹೋಗಿದ್ದರು. ಇಳಿಯಲು ಬಾಗಿಲು ತೆರೆದಿದ್ದೇ ತಡ, ಗಾಳಿ ಅದನ್ನು ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಹೊಡೆಯಿತು. ಬಾಗಿಲಿನ ಅಂಚು ಮಡ್‌ಗಾರ್ಡಿಗೆ ಬಡಿದು ಬಣ್ಣ ಚಕ್ಕೆ ಎದ್ದಿತು. ಆ ಕಾರಿನಲ್ಲಿ ಬಾಗಿಲು ಇಷ್ಟೇ ತೆರೆಯಲಿ ಅಂತ ಹಿಡಿದು ನಿಲ್ಲಿಸಲು ಒಳಗೊಂದು ಗೇಣುದ್ದದ ತೊಗಲಿನ ಪಟ್ಟಿ ಇರುತ್ತದೆ. ಒಂದು ತುದಿ ಬಾಗಿಲಿಗೆ, ಇನ್ನೊಂದು ಕಾರಿನ ಚೌಕಟ್ಟಿನ ಕಂಬಕ್ಕೆ. ಮುಚ್ಚಿದಾಗ ಮಡಚಿಕೊಳ್ಳುತ್ತದೆ, ತೆರೆದಾಗ ಬಿಗಿಯಾಗಿ ನಿಲ್ಲುತ್ತದೆ. ಎರಡೂ ಪಟ್ಟಿ ಒಣಗಿ ಹಪ್ಪಳದಂತಾಗಿದ್ದವು, ಒಂದು ಹರಿದಿತ್ತು. ಗುಂತಕಲ್ಲಿನವನು ಮದರಾಸಿಗೆ ಹೇಳಿ ಕಳಿಸಿದ. ಇಷ್ಟು ಹಳೇ ಗಾಡಿಗೆ ಆ ಸಾಮಾನು ಸಿಗುವುದಿಲ್ಲ ಅಂತ ಉತ್ತರ ಬಂತು.

ಲಾರಿ ನೋಡಲು ಗಿರಣಿಗೆ ಹೋಗಿದ್ದಾಗ ಈ ಕಥೆಯೆಲ್ಲ ಕೇಳಿದೆ. ಹೊಟ್ಟೆಯೊಳಗೆ ತಣ್ಣಗಾಯಿತು. ಕೈ ಒರೆಸಿಕೊಂಡು ಸಾವ್ಕಾರರ ಎದುರಿಗೆ ಹೋಗಿ ನಿಂತು, ಅಂಥ ಪಟ್ಟಿ ನಾನು ಮಾಡಿ ಹಾಕುತ್ತೇನೆ, ಆದರೆ ಕಾರು ನನ್ನ ಶೆಡ್ಡಿಗೆ ಬರಬೇಕು ಅಂದೆ. ಮದರಾಸಿನ ಉತ್ತರ ತಿಳಿಸಲು ಬಂದು ಅಲ್ಲೇ ಕೂತಿದ್ದ ಗುಂತಕಲ್ಲಿನವನು, ನಾನೂ ಒಂದು ಉಪಾಯ ನೋಡಿದ್ದೇನೆ ಅಂದ. ಸಾವ್ಕಾರರಿಗೆ ಪಂದ್ಯವೆಂದರೆ ಪ್ರಾಣ. ಹೋರಿಗಳ ಮೇಲೆ ಕಟ್ಟುವವರು, ಆವತ್ತು ನಮ್ಮಿಬ್ಬರ ಮೇಲೆ ಕಟ್ಟಿದರು.

"ಎಡಗಡಿ ಬಾಗಿಲ ನಿನಗ, ಬಲಗಡಿ ಅವರಿಗೆ," ಅಂದರು. "ಆಷಾಢದ ಗಾಳಿ ಮುಗೀಲಿ. ಯಾರ ಬಾಗಿಲ ಗಟ್ಟಿ ನಿಲ್ತೈತೋ, ಕಾರು ಇನ್ನ ಮ್ಯಾಲೆ ಅವರ ಶೆಡ್ಡಿಗೆ."

ನಾನು ಕೇಳಿದ ಕಾರಿನಲ್ಲಿ ನನಗೆ ಸಿಕ್ಕಿದ್ದು ಎಡಬಾಗಿಲು. ಸಾವ್ಕಾರರು ಮುಟ್ಟುವ ಬಾಗಿಲು ಬಲಗಡೆಯದು, ಸ್ಟಿಯರಿಂಗಿನ ಕಡೆಯದು. ಎಡಗಡೆ ಅವರ ಹೆಂಡತಿ, ಅಮ್ಮಾವರು, ಕೂಡುವರು, ಅದೂ ಎಂದೋ ಒಮ್ಮೆ. ಅಲ್ಲಿಯೂ ನನಗೆ ಒಂದು ಮೆಟ್ಟಿಲು ಕೆಳಗೇ ಕೊಟ್ಟರು ಅನ್ನಿಸಿತು.

ನಮ್ಮಪ್ಪ ಸಿರುಗುಪ್ಪದಲ್ಲಿ ಭತ್ತದ ಬಂಡಿ ಹೊಡೆಯುತ್ತಿದ್ದ. ನೊಗಕ್ಕೆ ಎತ್ತು ಕಟ್ಟುವ ಮಿಣಿಯನ್ನು ಅವನು ಕುರುಗೋಡಿನಿಂದಲೇ ತರುತ್ತಿದ್ದ. ಅಲ್ಲಿ ಒಂದು ಪದ್ಧತಿ ಇದೆ. ತೊಗಲನ್ನು ನೆನೆಸಿ, ಪಟ್ಟಿ ಕೊಯ್ದು, ತುದಿಗೆ ಬೀಸುವ ಕಲ್ಲು ಕಟ್ಟಿ ಹುಣಸೆ ಟೊಂಗೆಗೆ ತೂಗುಬಿಡುತ್ತಾರೆ. ತೊಗಲು ಎಷ್ಟು ಉದ್ದವಾಗಬೇಕೋ ಅಷ್ಟು ಅಲ್ಲೇ ಆಗಿಬಿಡಬೇಕು. ಎಳೆತ ಮುಗಿಯದ ತೊಗಲನ್ನು ಎತ್ತಿಗೆ ಕಟ್ಟಿದರೆ ದಾರಿಯಲ್ಲಿ ಸಡಿಲಾಗಿ ನೊಗ ಜಾರುತ್ತದೆ. ನಾನು ಬಸ್ಸು ಹತ್ತಿ ಕುರುಗೋಡಿಗೆ ಹೋದೆ. ಮಿಣಿ ಮಾಡುವ ಮುದುಕ ನಮ್ಮಪ್ಪನನ್ನು ಕಂಡವನು. ಎಂಥ ಎತ್ತಿಗೆ ಬೇಕು ಅಂತ ಕೇಳಿದ. ಕಾರಿನ ಬಾಗಿಲಿಗೆ ಅಂದೆ. "ಅದು ಹಾಯತೈತೇನು?" ಅಂದ. ಗಾಳಿ ಬಂದಾಗ ಹೋರಿಯಂತೆ ಹಾಯುತ್ತದೆ ಅಂದೆ. ಕಲ್ಲು ತೂಗಿ ಇಳಿದ ಪಟ್ಟಿಯನ್ನು ತಂದು ಔಡಲೆಣ್ಣೆ ಕುಡಿಸಿ, ಎರಡು ತುದಿಗೂ ತಗಡು ಕೂರಿಸಿ, ರಿವಿಟ್ ಬಡಿದು ಎಡಬಾಗಿಲಿಗೆ ಹಾಕಿದೆ. ಅದನ್ನೂ ಗುಂತಕಲ್ಲಿನವನ ಶೆಡ್ಡಿನಲ್ಲೇ ಹಾಕಬೇಕಾಯಿತು. ಅವನು ನನಗೆ ಚಹಾ ತರಿಸಿದ. ಆರುವ ತನಕ ಬಿಟ್ಟೆ, ಕುಡಿಯಲಿಲ್ಲ.

ಅವನು ಬಲಬಾಗಿಲಿಗೆ ಟೈರಿನ ಒಳಗಿನ ಕ್ಯಾನ್ವಾಸು, ರಬ್ಬರು ಸೇರಿದ ಪಟ್ಟಿ ಕೊಯ್ದು ಹಾಕಿದ್ದ. ನೋಡಲು ನನ್ನದಕ್ಕಿಂತ ಚಂದ. ತೆರೆದರೆ ಮೆತ್ತಗೆ ಬಂದು ನಿಲ್ಲುತ್ತಿತ್ತು, ಸದ್ದೇ ಇಲ್ಲ. ಅವತ್ತು ನನಗೆ ಊಟ ಸೇರಲಿಲ್ಲ.

ಆಷಾಢ ಬಂತು. ಬಳ್ಳಾರಿ ಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಬಜಾರಿನ ತಗಡೆಲ್ಲ ಕೂಗಾಡುತ್ತಿದ್ದವು. ಜನ ಕಣ್ಣಿಗೆ ಧೂಳು ಬಿತ್ತೆಂದು ಬೈಯುತ್ತಿದ್ದರೆ, ನಾನೊಬ್ಬ ಮಾತ್ರ ಆ ಗಾಳಿ ಇನ್ನಷ್ಟು ಬೀಸಲಿ ಅನ್ನುತ್ತಿದ್ದೆ. ಒಂದು ಮಧ್ಯಾಹ್ನ ಗುಂತಕಲ್ಲಿನವನೇ ನಡೆದುಕೊಂಡು ನನ್ನ ಶೆಡ್ಡಿಗೆ ಬಂದ. ಬಿಸಿಲಿಗೆ ತನ್ನ ಪಟ್ಟಿ ಮೆತ್ತಗಾಗಿ ಹಿಗ್ಗಿದೆ, ಬಾಗಿಲು ಮಡ್‌ಗಾರ್ಡಿಗೆ ತಾಕಲು ಕೂದಲೆಳೆಯಷ್ಟು ಉಳಿದಿದೆ ಅಂದ. ಮುಚ್ಚಿಡಲಿಲ್ಲ, ಸುತ್ತಿಬಳಸಲಿಲ್ಲ.

"ಅಣ್ಣಾ, ನಿಮ್ಮ ಪಟ್ಟಿ ಕದಲಿಲ್ಲ. ನನಗ ಆ ಕೆಲಸ ಬರಾಂಗಿಲ್ಲ. ಬಲಗಡೀದೂ ನೀವ ಮಾಡಿ ಕೊಡ್ರಿ."

ಇಲ್ಲ ಅಂದುಬಿಟ್ಟಿದ್ದರೆ ಪಂದ್ಯ ಅಲ್ಲಿಗೆ ಮುಗಿಯುತ್ತಿತ್ತು. ಒಂದು ಗಾಳಿ, ಒಂದು ಏಟು, ಕಾರು ನನ್ನ ಶೆಡ್ಡಿಗೆ. ಅದು ನನಗೆ ತಿಳಿಯದೆ ಇರಲಿಲ್ಲ. ಆದರೆ ಸಾವ್ಕಾರರು ದಿನಾ ಕೈ ಹಾಕುವ ಬಾಗಿಲಿನಲ್ಲಿ ನನ್ನ ಕೆಲಸ ಇರುತ್ತದೆ, ಆ ಇಸ್ತ್ರಿ ಅಂಗಿಯವನು ಕಾರು ಬಂದಾಗಲೆಲ್ಲ ಅದನ್ನು ನೋಡಬೇಕಾಗುತ್ತದೆ ಅನ್ನುವುದು ನನಗೆ ಬೆಲ್ಲದಷ್ಟು ಸಿಹಿಯಾಗಿ ಕಂಡಿತು. ಮತ್ತೆ ಕುರುಗೋಡಿಗೆ ಹೋದೆ. ಎಡಗಡೆಯದಕ್ಕಿಂತ ಒಳ್ಳೆಯ ತೊಗಲು ಆರಿಸಿದೆ.

ಆಷಾಢ ಮುಗಿದ ಮೇಲೆ ಸಾವ್ಕಾರರು ಇಬ್ಬರನ್ನೂ ಸ್ಟೇಷನ್ ರಸ್ತೆಗೆ ಕರೆಸಿದರು. ಎಡಬಾಗಿಲು ತೆರೆದು ಕೈ ಬಿಟ್ಟರು. ನಿಂತಿತು. ಸುತ್ತಿ ಬಂದು ಬಲಬಾಗಿಲನ್ನು ಇನ್ನೂ ಜೋರಾಗಿ ತಳ್ಳಿದರು. ಅದೂ ಹಾಗೇ ನಿಂತಿತು. ಎರಡೂ ಒಂದೇ ಥರ ನಿಂತಾವ, ಈಗೇನು ಮಾಡೋದು ಅಂತ ನಕ್ಕರು. ಹೇಳಲೋ ಬೇಡವೋ ಅಂತ ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನೇ ಬಾಯಿಬಿಟ್ಟ.

"ಎರಡೂ ಅಣ್ಣಾರು ಮಾಡಿದ್ವ ರೀ. ನಂದು ಹಿಗ್ಗಿತ್ತು."

ಅವನು ಸುಳ್ಳು ಹೇಳಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅಲ್ಲೇ ಕೊರಳಪಟ್ಟಿ ಹಿಡಿಯಬಹುದಿತ್ತು. ಸಾವ್ಕಾರರು ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದರು. ನಾನು ಆಗಲೇ ಮನಸ್ಸಿನಲ್ಲಿ ಕಾರನ್ನು ಕೌಲ್ ಬಜಾರಿನ ಕಡೆ ತಿರುಗಿಸಿದ್ದೆ.

"ಹಂಗಾರ ಚಲೋ ಆತಲ್ಲ," ಅಂದರು. "ಕಾರು ಇವರ ಕಡೆನ ಇರಲಿ. ತಮಗ ಬರದಿದ್ದನ್ನ ಇವರು ನಿನ್ನ ಕಡೆ ಮಾಡಿಸಿಕೊಂತಾರ. ನಿನ್ನ ಕಡೆ ಬಿಟ್ರ, ಲೇ ಮಿಸ್ತ್ರಿ, ನಿನಗ ಬರದಿದ್ದನ್ನ ನೀ ಹೋಗಿ ಇವರನ್ನ ಕೇಳ್ತೀಯೇನು?"

ನಾನು ತೆರೆದೇ ಇದ್ದ ಎಡಬಾಗಿಲನ್ನು ಮುಚ್ಚಿದೆ. ಅವರು ಬಲಬಾಗಿಲು ಎಳೆದುಕೊಂಡು ಸಿರುಗುಪ್ಪ ರಸ್ತೆ ಹಿಡಿದು ಹೋದರು. ಗುಂತಕಲ್ಲಿನವನು ನನ್ನ ಪಕ್ಕದಲ್ಲೇ ನಿಂತಿದ್ದ, ಅಂಗಿ ಬೆಳ್ಳಗೆ. ಅವನ ಕೈಯಲ್ಲಿರುವಾಗಲೇ ಆ ಕಾರಿನ ಬಾಗಿಲು ಹಾರಿ ಬೀಳಲಿ ಅಂತ ಬೇಡಿಕೊಳ್ಳಬೇಕು ಅನ್ನಿಸಿತು. ಅದಕ್ಕೂ ದಾರಿ ಇರಲಿಲ್ಲ. ಎರಡೂ ಪಟ್ಟಿ ನನ್ನವೇ, ಅವು ಹರಿಯುವ ಪೈಕಿಯಲ್ಲ.