ಕೊಟ್ಟವರ ಹೆಸರು

ಮುದ್ದೇಬಿಹಾಳದಲ್ಲಿ ಚಿತ್ರಗಳ ಗ್ಯಾಲರಿ ತೆರೆದವನು ಒಬ್ಬ ಸೀರೆ ವ್ಯಾಪಾರಿ. ಅಂಗಡಿಯ ಮೇಲಂತಸ್ತಿಗೆ ಎರಡು ವರ್ಷ ಬಾಡಿಗೆದಾರರು ಸಿಗಲಿಲ್ಲ, ಹಾಗಾಗಿ ಅವನಿಗೆ ಕಲೆಯ ಮೇಲೆ ಪ್ರೀತಿ ಹುಟ್ಟಿತು. ಬೋರ್ಡು ಬರೆಯಲು ನನ್ನನ್ನು ಕರೆದ. ಫ್ಲೆಕ್ಸ್ ಬಂದು ನನ್ನಂಥ ಪೇಂಟರುಗಳ ಹೊಟ್ಟೆಯ ಮೇಲೆ ಹೊಡೆದಿತ್ತು. ಏಣಿ ಇಳಿಯುವಷ್ಟರಲ್ಲಿ ಅಲ್ಲೇ ನೌಕರಿಯೂ ಸಿಕ್ಕಿತು. ಸುತ್ತಲಿನ ಕಲಾವಿದರು ತಂದಿಟ್ಟ ಚಿತ್ರಗಳ ಧೂಳು ಒರೆಸುವುದು, ಗಿರಾಕಿ ಬಂದರೆ ಫ್ಯಾನು ಹಾಕುವುದು.

ಆ ಗಿರಾಕಿಗಳ ಚಂದ ಏನು ಹೇಳಲಿ! ಟೇಪು ಹಿಡಿದುಕೊಂಡೇ ಮೆಟ್ಟಿಲು ಹತ್ತುತ್ತಿದ್ದರು. "ಸೋಫಾದ ಮ್ಯಾಲ ಐದ್ ಫೂಟ್ ಜಾಗಾ ಖಾಲಿ ಐತ್ರಿ, ಅಷ್ಟರಾಗ ತೋರಸ್ರಿ." ಚಿತ್ರದಲ್ಲಿ ಏನಿದೆ ಎನ್ನುವುದು ಆಮೇಲಿನ ಮಾತು. ಕುದುರೆ ಓಡುತ್ತಿದ್ದರೆ ಮನೆಯೊಳಕ್ಕೆ ಓಡುತ್ತಿದೆಯೋ ಹೊರಕ್ಕೋ ಎಂದು ವಾಸ್ತು ಹೇಳುವವನಿಗೆ ಅಲ್ಲಿಂದಲೇ ಫೋನು. ಕಾಳುಕಡಿಯ ಅಡತಿ ವ್ಯಾಪಾರಿಯೊಬ್ಬ ಕ್ಯಾನ್ವಾಸಿನ ಅಂಚನ್ನು ಬೆರಳಲ್ಲಿ ತಿಕ್ಕಿ, "ಅರಿವಿ ಗಟ್ಟಿ ಐತಿ, ಕಟ್ರಿ" ಎಂದ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ಹೆಚ್ಚಿನವರು ಒಯ್ಯುತ್ತಿದ್ದದ್ದು ಇನ್ನೊಬ್ಬರಿಗೆ ಕೊಡಲು. ಮದುವೆ, ಗೃಹಪ್ರವೇಶ, ನಿವೃತ್ತಿ. ನಮ್ಮ ಕಡೆ ಕೊಟ್ಟ ವಸ್ತುವಿನ ಮೇಲೆ ಕೊಟ್ಟವರ ಹೆಸರು ಇರಲೇಬೇಕು. ತಂಬಿಗೆಯಾಗಲಿ, ಗೋಡೆ ಗಡಿಯಾರವಾಗಲಿ, ಗುಡಿಗೆ ಹಾಕಿಸಿದ ಫ್ಯಾನಿನ ರೆಕ್ಕೆಯಾಗಲಿ, ಹೆಸರಿಲ್ಲದೆ ಕೊಟ್ಟರೆ ಕೊಟ್ಟ ಲೆಕ್ಕವೇ ಅಲ್ಲ. ಗ್ಯಾಲರಿ ತೆರೆದ ಮೊದಲ ತಿಂಗಳಲ್ಲೇ ಒಂದು ಚಿತ್ರ ವಾಪಸು ಬಂತು. ಒಯ್ದಿದ್ದವನು ಕೆಂಡವಾಗಿದ್ದ. ಚಿತ್ರದ ಮೂಲೆಯಲ್ಲಿ ಅದನ್ನು ಬರೆದ ಹೆಣ್ಣುಮಗಳ ಸಹಿ ಇತ್ತು. ಬೀಗರು ಅದನ್ನು ಓದಿ, ಆ ಹೆಣ್ಣುಮಗಳು ಇವನಿಗೆ ಕೊಟ್ಟ ಕೊಡುಗೆಯನ್ನೇ ಇವನು ತಮಗೆ ದಾಟಿಸಿದ್ದಾನೆ ಎಂದುಕೊಂಡರಂತೆ. "ನಾಕ್ ಮಂದ್ಯಾಗ ನನ್ನ ಮಾನ ಕಳದ್ರಿ" ಎಂದು ಅವನು ಕೂಗಾಡಿದ.

ಅಂದೇ ಮಾಲೀಕ ನಿಯಮ ಮಾಡಿದ. ಕಲಾವಿದರ ಸಹಿ ಚಿತ್ರದ ಬೆನ್ನಿಗೆ, ಕೊಡುವವರ ಹೆಸರು ಎದುರಿಗೆ, ಬಂಗಾರದ ಬಣ್ಣದಲ್ಲಿ. ಬರೆಯುವವನು ನಾನು. ಕಲಾವಿದರು ಗೊಣಗಿದರು, ಆಮೇಲೆ ಸುಮ್ಮನೆ ಚಿತ್ರ ತಿರುವಿ ಸಹಿ ಹಾಕಿದರು. ನಾನು ಊರನ್ನೆಲ್ಲ ಬೈಯುತ್ತಾ ಅಕ್ಷರಗಳನ್ನು ಮಾತ್ರ ದುಂಡಗೆ ಬರೆಯುತ್ತಿದ್ದೆ.

ಒಪ್ಪದವರು ಒಬ್ಬರೇ, ತಾಳಿಕೋಟೆಯಲ್ಲಿರುವ ನಿವೃತ್ತ ಡ್ರಾಯಿಂಗ್ ಮಾಸ್ತರರು. ಎಪ್ಪತ್ತು ದಾಟಿದ್ದರು. ಅವರು ತಂದದ್ದು ತಮ್ಮ ಹುಟ್ಟೂರಿನ ಓಣಿ. ಆ ಊರು ಆಲಮಟ್ಟಿ ಹಿನ್ನೀರಿನ ತಳದಲ್ಲಿದೆ. ಮನೆಯಿಂದ ಮನೆಗೆ, ಬಾಗಿಲಿನಿಂದ ಬಾಗಿಲಿಗೆ ನೆನಪಿನಿಂದಲೇ ಬರೆದಿದ್ದರು. ಊರಿಗೆ ಊರೇ ಗಂಟುಮೂಟೆ ಕಟ್ಟಿದಾಗ ಅವರು ದೂರದ ಜಿಲ್ಲೆಯಲ್ಲಿ ನೌಕರಿಯಲ್ಲಿದ್ದರು, ಹೋಗಲಿಲ್ಲ. ನಿಡಗುಂದಿ ಹತ್ತಿರದ ಹೊಸ ಕಾಲನಿಯಲ್ಲಿರುವ ಊರಿನವರು ಅದನ್ನು ಮರೆತಿಲ್ಲ ಎಂದು ಅವರಿಗೆ ಗೊತ್ತಿತ್ತು. ಅಷ್ಟು ವರ್ಷ ಆ ಕಾಲನಿಗೆ ಕಾಲಿಟ್ಟಿರಲಿಲ್ಲ.

"ನಾ ಮರತಿಲ್ಲ ಅನ್ನೂದು ಅವರಿಗೆ ಗೊತ್ತಾಗ್ಬೇಕು" ಎಂದರು. "ಹೋಗಿ ಹೇಳಾಕ ನನಗ ಮಾರಿ ಇಲ್ಲ. ಸಹಿ ಮುಂದ ಇರ್ಲಿ."

ಆ ಮಣ್ಣಿನ ಬಣ್ಣದ ಚಿತ್ರವನ್ನು ಹೇಗೂ ಯಾರೂ ಒಯ್ಯುವುದಿಲ್ಲ ಎಂದು ಮಾಲೀಕ ಒಪ್ಪಿಕೊಂಡ.

ಒಯ್ಯಲು ಬಂದವನು ಒಬ್ಬ ಗುತ್ತಿಗೆದಾರ. ನಿಡಗುಂದಿಯಲ್ಲಿ ಪುಢಾರಿಯೊಬ್ಬನ ಹೊಸ ಮನೆಯ ಗೃಹಪ್ರವೇಶವಿತ್ತು, ಕಾಲನಿಯವರಿಗೆಲ್ಲ ಊಟಕ್ಕೆ ಹೇಳಿದ್ದರು. ಅವರ ಹಳೆಯ ಊರೇ ಗೋಡೆಯ ಮೇಲಿದ್ದರೆ ಪುಢಾರಿ ಖುಷಿಯಾಗುತ್ತಾನೆ ಎನ್ನುವಷ್ಟು ಬುದ್ಧಿ ಇವನಿಗಿತ್ತು. ನಾನು ಮಾಸ್ತರರಿಗೆ ಫೋನು ಮಾಡಿದೆ. ಅವರು ಕೇಳಿದ್ದು ಎರಡೇ ಮಾತು.

"ಎಲ್ಲಾರೂ ಬರ್ತಾರಲ್ಲಾ? ಹೆಸರು ಓದ್ತಾರಲ್ಲಾ?"

"ಓದ್ತಾರ್ರೀ ಸರ್."

ಮರುದಿನ ಗುತ್ತಿಗೆದಾರ ಚಿತ್ರದ ಮುಂದೆ ಬಗ್ಗಿ ಸಹಿ ನೋಡಿದ. "ಇದ್ಯಾರ್ದು? ಅಳಸು. ಎರಡ್ ಹೆಸರಿದ್ರ ಇಬ್ರೂ ಕೂಡಿ ಕೊಟ್ಟಾರ ಅಂತಾರ."

"ಚಿತ್ರಾ ತಗದವ್ರ ಹೆಸರ್ರಿ ಅದು" ಎಂದೆ.

"ತಗದಾರ, ಬ್ಯಾಡ ಅಂದವ್ರ್ಯಾರು? ಕೊಡಾವ ನಾ ಅಲ್ಲೇನು?"

ಇನ್ನೊಂದು ಮಾತಾಡುವವನೂ ಇದ್ದೆ. ಅಷ್ಟರಲ್ಲಿ ಅವನು, ತನ್ನ ಹೊಸ ಆಫೀಸಿಗೆ ಫ್ಲೆಕ್ಸ್ ಬೇಡ, ಬೋರ್ಡೆಲ್ಲ ಕೈಬರಹದಲ್ಲೇ ಆಗಬೇಕು, ನೀನೇ ಬರೆ ಎಂದ. ಗ್ಯಾಲರಿಯ ಬೋರ್ಡೊಂದು ಬಿಟ್ಟರೆ ಹತ್ತು ವರ್ಷದಿಂದ ನನಗೆ ಯಾರೂ ಆ ಮಾತು ಹೇಳಿರಲಿಲ್ಲ. ಊರಿನವರನ್ನೆಲ್ಲ ಕತ್ತೆ ಎಂದ ಬಾಯಿ ಅಲ್ಲೇ ಮುಚ್ಚಿತು. ಓಣಿಯ ಮಣ್ಣಿಗೆ ಹೊಂದುವ ಬಣ್ಣ ಕಲಸಿ ಸಹಿಯ ಮೇಲೆ ಮೂರು ಸಲ ಕುಂಚ ಎಳೆದೆ. ಒಣಗಿದ ಮೇಲೆ ಅದೇ ಜಾಗದಲ್ಲಿ ಗುತ್ತಿಗೆದಾರನ ಹೆಸರು, ಅದರ ಕೆಳಗೆ 'ಇವರಿಂದ ಪ್ರೀತಿಯ ಕಾಣಿಕೆ' ಎಂದು ಬರೆದೆ. ಮಾಸ್ತರರಿಗೆ ಫೋನು ಮಾಡಲಿಲ್ಲ.

ಗೃಹಪ್ರವೇಶದ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಸ್ಸಿನಲ್ಲಿ ಬಂದಿದ್ದರು. ಚಿತ್ರ ತೂಗುಹಾಕಲು ನಾನೂ ನಿಡಗುಂದಿಗೆ ಹೋಗಿದ್ದೆ. ಪುಢಾರಿಯ ಮನೆ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡು, "ಜೊತಿಗೆ ಬಾರಪಾ, ನನಗ ಧೈರ್ಯ ಸಾಲವಲ್ದು" ಎಂದರು. ಅವರನ್ನು ಒಳಗೆ ಕರೆದುಕೊಂಡು ಹೋದೆ.

ಪಡಸಾಲೆಯಲ್ಲಿ ಕಾಲನಿಯವರು ಚಿತ್ರಕ್ಕೆ ಮುತ್ತಿಕೊಂಡಿದ್ದರು. ಇದು ನಮ್ಮ ಮನಿ, ಇದು ನಿಮ್ಮದು ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಒಬ್ಬ ಮುದುಕಿ, ತಗಡು ಬಡಿದು ರಿಪೇರಿ ಮಾಡಿದ ಒಂದು ಬಾಗಿಲನ್ನು ಸವರುತ್ತಾ ಅಳುತ್ತಿದ್ದಳು. ಮಾಸ್ತರರು ಎಲ್ಲರ ಹಿಂದೆ ನಿಂತು ನೋಡಿದರು. ಅವರ ಕಣ್ಣು ಚಿತ್ರದ ಕೆಳಗಿನ ಮೂಲೆಗೆ ಇಳಿಯಿತು, ಅಲ್ಲೇ ನಿಂತಿತು. ನನ್ನ ಕೈ ಬಿಟ್ಟರು.

ಯಾರೋ ಬಂಗಾರದ ಅಕ್ಷರಗಳನ್ನು ಓದಿ ಹೇಳಿದರು. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ತಿರುಗಿದಳು. ಅವಳ ಎದುರಿಗೆ ಸಿಕ್ಕವರು ಮಾಸ್ತರರು. ಅವರ ಗುರುತು ಅವಳಿಗೆ ಹತ್ತಲಿಲ್ಲ.

"ನೋಡಪಾ, ಈ ಸಾವ್ಕಾರ ನಮ್ಮೂರಾಗ ಹುಟ್ಟಿದಾಂವಲ್ಲ, ಬೆಳದಾಂವಲ್ಲ. ನಮ್ಮ ಬಾಗಲಾ ಸೈತ ಬಿಡದ ಚಿತ್ರದಾಗ ತಗಿಸ್ಯಾನ. ನಮ್ಮವನ ಒಬ್ಬ ಮಾಸ್ತರ ಇದ್ದ, ನೀರ್ ಬಂದಾಗ ಈ ಕಡಿ ಹಣಿಕಿ ಹಾಕ್ಲಿಲ್ಲ. ಅಂವಗ ನಾವು ಸತ್ತಿವೋ ಬದುಕೇವೋ ಗೊತ್ತಿಲ್ಲ."

ಒಂದೇ ಒಂದು ಮಾತು ಸಾಕಿತ್ತು. ಅದನ್ನು ಆಡಬೇಕಾದವನು ನಾನು. ಗುತ್ತಿಗೆದಾರ ನಾಲ್ಕು ಹೆಜ್ಜೆ ದೂರದಲ್ಲಿ ಬಂದವರಿಂದೆಲ್ಲ ಕೈ ಮುಗಿಸಿಕೊಳ್ಳುತ್ತಿದ್ದ. ನಾನು ಅವನತ್ತ ನೋಡಿದೆ, ನೆಲ ನೋಡಿದೆ, ಸುಮ್ಮನಿದ್ದೆ.

ಮಾಸ್ತರರು ಬಗ್ಗಿ ಮುದುಕಿಯ ಕಾಲು ಮುಟ್ಟಿದರು. "ಹೌದ್ರೀ ಆಯಿ" ಎಂದರು, "ಅಂವ ಬರ್ಬೇಕಾಗಿತ್ತು." ಆಮೇಲೆ ಊಟಕ್ಕೆ ನಿಲ್ಲದೆ ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋದರು.